ಹಡಗು ಹತ್ತುವ ಮೊದಲು ಮನೆಯಲ್ಲಿ

ಸಮುದ್ರ ದಾಟಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂಬ ಕಟ್ಟು ಒಂದು ಕಾಲಕ್ಕೆ ನಮ್ಮ ಹಲವು ಮನೆಗಳಲ್ಲಿತ್ತು. ಆ ಕಟ್ಟು ಸಡಿಲಿ, ರಜೆ ಬಂತೆಂದರೆ ಮಕ್ಕಳು ಹಡಗಿನ ಪ್ರಯಾಣವನ್ನೇ ಬೇಡುವ ಕಾಲ ಬಂದಿದೆ. ಸಂತೋಷವೇ ಸರಿ. ಆದರೆ ರೈಲಿಗೆ ಹೊರಡುವ ಸಿದ್ಧತೆಯೇ ಹಡಗಿಗೂ ಸಾಕೆಂದು ಭಾವಿಸುವವರು ಬಹಳ ಮಂದಿ. ಮನೆಯಲ್ಲಿ ಮರೆತ ಮಾತ್ರೆಯನ್ನು ರೈಲಿನವರು ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ಇಳಿದು ಕೊಳ್ಳಬಹುದು. ಕಡಲ ನಡುವೆ ಔಷಧದಂಗಡಿಯಿಲ್ಲ, ಹಿಂದಿರುಗುವ ಬಸ್ಸೂ ಇಲ್ಲ. ಅಲ್ಲಿ ಸಿಗದಿರುವುದನ್ನು ಇಲ್ಲಿಯೇ ಕೂತು ಯೋಚಿಸಿಕೊಳ್ಳಬೇಕು.

ಉದಾಹರಣೆಗೆ ನಮಗೆ ಸಮೀಪದ ಲಕ್ಷದ್ವೀಪವನ್ನೇ ತೆಗೆದುಕೊಳ್ಳೋಣ. ಅದು ನಮಗೆ ಪೂರ್ತಿ ಪರಸ್ಥಳವೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಮಂಗಳೂರಿನ ಕಲೆಕ್ಟರರೇ ಅವುಗಳ ಆಡಳಿತ ನೋಡುತ್ತಿದ್ದರು. ಈಗ ಪ್ರವಾಸಿಗಳು ಹಡಗು ಹತ್ತುವುದು ಕೊಚ್ಚಿಯಲ್ಲಿ. ದ್ವೀಪಗಳು ಅಲ್ಲಿಂದ 220ರಿಂದ 440 ಕಿಲೋಮೀಟರು ದೂರದಲ್ಲಿವೆ. ದ್ವೀಪಕ್ಕೆ ತಕ್ಕಂತೆ ಹದಿನಾಲ್ಕರಿಂದ ಹದಿನೆಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ಕಡಲು ಒರಟು. ಅಕ್ಟೋಬರಿನಿಂದ ಮೇ ನಡುಭಾಗದವರೆಗೆ ಹೋಗುವುದು ವಾಸಿ.

ಮೊದಲ ಕೆಲಸ ಕಾಗದಪತ್ರ. ದ್ವೀಪವಾಸಿಗಳಲ್ಲದವರು, ಭಾರತೀಯರಾದರೂ, 1967ರ ನಿಯಮದ ಪ್ರಕಾರ ಪ್ರವೇಶ ಪರವಾನಗಿ ಪಡೆಯಬೇಕು. ಇದನ್ನು ಬಂದರಿನಲ್ಲಿ ನೋಡಿಕೊಂಡರಾಯಿತು ಎನ್ನುವಂತಿಲ್ಲ. ವಾರಗಳ ಮೊದಲೇ ಅರ್ಜಿ ಹೋಗಬೇಕು. ಟಿಕೇಟು, ಪರವಾನಗಿ, ಗುರುತಿನ ಚೀಟಿ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಅಕ್ಷರ ಅಕ್ಷರ ನೋಡಿಕೊಳ್ಳಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಬರುವುದು ಸಾಮಾನ್ಯವಷ್ಟೆ.

ಎರಡನೆಯದು ದೇಹದ ವಿಚಾರ. ಹೆಚ್ಚು ಗಮನ ಬೇಕಾದದ್ದು ಇದಕ್ಕೇ. ಕಡಲಿನಲ್ಲಿ ತಲೆ ಸುತ್ತಿ ವಾಂತಿಯಾಗುವುದು ಅಂಜುಬುರುಕರ ಲಕ್ಷಣವಲ್ಲ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಭೂಮಿ ಸುತ್ತಿದ ಚಾರ್ಲ್ಸ್ ಡಾರ್ವಿನ್ ಪ್ರಯಾಣದುದ್ದಕ್ಕೂ ಈ ಬಾಧೆ ಪಟ್ಟವನೇ. ಕಾರಣ ನಮ್ಮ ಕಿವಿಯ ಒಳಭಾಗದಲ್ಲಿದೆ. ಅಲ್ಲಿ ಅರ್ಧ ಬಳೆಯಾಕಾರದ ಮೂರು ಸಣ್ಣ ನಾಳಗಳುಂಟು. ಅವುಗಳೊಳಗಿನ ದ್ರವವು ಅಲುಗಿದಾಗ ‘ದೇಹ ತೂಗುತ್ತಿದೆ’ ಎಂಬ ವರ್ತಮಾನ ಮಿದುಳಿಗೆ ಹೋಗುತ್ತದೆ. ಕೋಣೆಯೊಳಗೆ ಕುಳಿತವನ ಕಣ್ಣು, ಗೋಡೆ ನಿಂತಲ್ಲೇ ಇರುವುದನ್ನು ಕಂಡು, ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಿಂದಲೇ ಹೊಟ್ಟೆ ತೊಳಸುತ್ತದೆ. ಹೊರಗೆ ಬಂದು ದೂರದ ದಿಗಂತವನ್ನು ನೋಡುತ್ತ ನಿಂತರೆ ಕಣ್ಣೂ ಕಿವಿಯೂ ಒಂದೇ ಮಾತನಾಡುತ್ತವೆ, ಸಂಕಟ ಇಳಿಯುತ್ತದೆ. ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ನೋಡುತ್ತ ಕುಳಿತರೆ ಏರುತ್ತದೆ.

ಇದರಿಂದ ಮನೆಯಲ್ಲಿ ಮಾಡಬೇಕಾದ್ದು ಎರಡು ಹೊರಡುತ್ತವೆ. ಟಿಕೇಟು ಕೊಳ್ಳುವಾಗಲೇ, ಆಯ್ಕೆ ಇದ್ದರೆ, ಹಡಗಿನ ನಡುಭಾಗದ, ಕೆಳ ಅಂತಸ್ತಿನ ಮಲಗುವ ಜಾಗವನ್ನು ಕೇಳಿ. ಏತದ ಮರದ ತುದಿ ಎಷ್ಟು ಏರಿಳಿದರೂ ನಡುಗಂಬದ ಬಳಿ ಅಲುಗಾಟ ಕಡಿಮೆಯಲ್ಲವೇ? ಹಡಗಿಗೂ ಅದೇ ನ್ಯಾಯ. ಇನ್ನೊಂದು, ವಾಂತಿ ತಡೆಯುವ ಮಾತ್ರೆ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಡುವವರು ಕಡಲಿನಲ್ಲೂ ಬಾಧೆ ಪಡುವ ಸಂಭವ ಹೆಚ್ಚು. ಅವರು ವೈದ್ಯರನ್ನು ಕೇಳಿ ಮಾತ್ರೆ ಬರೆಸಿಕೊಳ್ಳಲಿ. ಈ ಮಾತ್ರೆಯನ್ನು ಸಂಕಟ ಹತ್ತುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಂತರೆ ತಾನೆ ಕೆಲಸ ಮಾಡುವುದು? ಇವುಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ. ವೈದ್ಯರು ಒಪ್ಪಿದರೆ, ಒಂದು ರಜಾದಿನ ಮನೆಯಲ್ಲೇ ನುಂಗಿ ನೋಡಿಕೊಳ್ಳುವುದು ಒಳ್ಳೆಯದು. ಕಣ್ಣಿನ ಒತ್ತಡದ ಕಾಯಿಲೆ ಇರುವವರು, ಮೂತ್ರ ಕಟ್ಟುವ ತೊಂದರೆಯ ಹಿರಿಯರು, ಗರ್ಭಿಣಿಯರು, ಎಳೆಯ ಮಕ್ಕಳು, ಇವರಿಗೆ ಕೇಳದೆ ಕೊಡಲೇಬಾರದು. ಶುಂಠಿ ಕೆಲವರಿಗೆ ಹಿತವಾಗುತ್ತದೆ. ಚೂರು ಕಟ್ಟಿಕೊಂಡರೆ ನಷ್ಟವಿಲ್ಲ. ಹೊರಡುವ ದಿನ ಹಬ್ಬದೂಟವೂ ಬೇಡ, ಬರಿಹೊಟ್ಟೆಯೂ ಬೇಡ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು ಅಥವಾ ಮಾತ್ರೆ ನುಂಗಿ, ಆಮೇಲೆ ವಾಂತಿಯಾಗಿ ಊಟ ಸೇರದೆ ಹೋದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ‘ತಿನ್ನಲಾಗದ ದಿನ ಔಷಧವನ್ನು ಹೇಗೆ ತೆಗೆದುಕೊಳ್ಳಲಿ?’ ಎಂಬ ಪ್ರಶ್ನೆಯನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಿಗೆ ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಜೊತೆಯಲ್ಲಿ ಸಕ್ಕರೆ, ಗ್ಲೂಕೋಸು ಇರಲಿ. ಹಡಗಿನಲ್ಲಿ ವೈದ್ಯರಿದ್ದರೂ ನಿಮ್ಮ ನಿತ್ಯದ ಮಾತ್ರೆಯೇ ಅವರ ಪೆಟ್ಟಿಗೆಯಲ್ಲಿರುತ್ತದೆಂಬ ಭರವಸೆಯಿಲ್ಲ. ಪ್ರಯಾಣದ ದಿನಗಳ ಮೇಲೆ ಇನ್ನೊಂದು ವಾರಕ್ಕಾಗುವಷ್ಟು ಔಷಧ ಕೊಂಡು, ಕೈಚೀಲದಲ್ಲಿಡಿ, ದೊಡ್ಡ ಪೆಟ್ಟಿಗೆಯಲ್ಲಲ್ಲ.

ಅಜ್ಜ ಅಜ್ಜಿಯರನ್ನು ಕರೆದೊಯ್ಯಬೇಕೆ ಎಂಬ ಪ್ರಶ್ನೆ ಪ್ರತಿಮನೆಯಲ್ಲೂ ಏಳುತ್ತದೆ. ಹಡಗಿನೊಳಗಿನ ವಾಸ ಅವರಿಗೆ ಕಷ್ಟವಲ್ಲ, ಕಷ್ಟವಿರುವುದು ಇಳಿಯುವುದರಲ್ಲಿ. ಹವಳದ ದಿಬ್ಬದ ಒಳಗಿನ ನೀರು ಆಳವಿಲ್ಲದ್ದರಿಂದ ಹಲವು ಕಡೆ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ. ಪ್ರಯಾಣಿಕರು ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ದಾಟಬೇಕು. ದೋಣಿ ಅಲೆಯೊಡನೆ ಏಳುತ್ತ ಬೀಳುತ್ತ ಇರುತ್ತದೆ. ದೋಣಿಯವರು ಕೈಹಿಡಿದು, ‘ಈಗ’ ಎಂದ ಕ್ಷಣದಲ್ಲಿ ಹಿಂಜರಿಯದೆ ಕಾಲಿಡಬೇಕು. ಹಿರಿಯರು ಮನೆಯ ಮಹಡಿ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿ ಇಳಿಯಬಲ್ಲರೇ? ಎತ್ತರದ ಬಸ್ಸಿಗೆ ಒಬ್ಬರ ಕೈ ಹಿಡಿದು ಏರಬಲ್ಲರೇ? ತಿಂಗಳ ಮೊದಲೇ ನೋಡಿಕೊಳ್ಳಿ. ಮಂಡಿ ಒಪ್ಪದಿದ್ದರೆ, ‘ಪಾಪ, ಆಸೆಪಡುತ್ತಾರೆ’ ಎಂದು ಒತ್ತಾಯ ಮಾಡುವುದು ಪ್ರೀತಿಯಲ್ಲ. ದೋಣಿಗೆ ಇಳಿಯಬೇಕಾಗಿಲ್ಲದ, ಧಕ್ಕೆಯಿಂದ ಧಕ್ಕೆಗೆ ಹೋಗುವ ಬೇರೆ ಹಡಗಿನ ಪ್ರಯಾಣವನ್ನು ಅವರಿಗಾಗಿ ಆರಿಸಿ. ದಾಟುವಾಗ ಎರಡು ಕೈಗಳೂ ಖಾಲಿ ಇರಬೇಕಾದ್ದರಿಂದ ಬೆನ್ನಿಗೆ ಹಾಕುವ ಚೀಲವೇ ಸರಿ. ಹಿಂದೆ ಪಟ್ಟಿಯಿರುವ ಚಪ್ಪಲಿ, ಕಾಲಿಗೆ ತೊಡರದ ಉಡುಪು ಲೇಸು. ಸೀರೆಯೇ ಉಡುವವರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಲಿ.

ಮಕ್ಕಳಿಗೆ ಹೇಳತಕ್ಕದ್ದೊಂದು ಉಂಟು. ದಡದಲ್ಲಿ ಬಿದ್ದಿರುವ ಹವಳದ ಚೂರನ್ನು ಕೂಡ ಮನೆಗೆ ತರುವಂತಿಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹವಳಕ್ಕೂ ಅನ್ವಯಿಸುತ್ತದೆ. ಅಲ್ಲಿ ಹೋಗಿ ಜೇಬು ಖಾಲಿ ಮಾಡಿಸಿ ಅಳಿಸುವುದಕ್ಕಿಂತ ಇಲ್ಲಿಯೇ ತಿಳಿಹೇಳುವುದು ಮೇಲು.

ಇನ್ನು ಮನೆ. ಗ್ಯಾಸಿನ ರೆಗ್ಯುಲೇಟರು, ನೀರಿನ ಮುಖ್ಯ ನಲ್ಲಿ, ಹಾಲು, ಪತ್ರಿಕೆ, ಇವನ್ನೆಲ್ಲ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಕಡಲಿನ ವಿಶೇಷವಿಷ್ಟೆ: ಗಾಳಿ ಕೆರಳಿದರೆ ಹಡಗಿನ ವೇಳೆ ಬದಲಾಗುತ್ತದೆ. ಸೋಮವಾರ ಬರುತ್ತೇವೆಂದರೆ ಬುಧವಾರದವರೆಗೆ ಎಂದುಕೊಂಡು ರಜೆ, ತುಳಸಿಗೆ ನೀರೆರೆಯುವ ಪಕ್ಕದ ಮನೆಯವರ ಏರ್ಪಾಡು, ಕೈಯಲ್ಲಿನ ಹಣ ಮೂರನ್ನೂ ಹೊಂದಿಸಿಕೊಳ್ಳಿ. ಕರಾವಳಿ ಮರೆಯಾದ ಮೇಲೆ ಮೊಬೈಲು ಮೂಕವಾಗುತ್ತದೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರತಳದ ತಂತಿಯ ಸಂಪರ್ಕ ಉದ್ಘಾಟನೆಯಾದದ್ದು ದ್ವೀಪಗಳಿಗೆ, ನಡುಗಡಲಿಗಲ್ಲ. ಫೋನು ಬರಲಿಲ್ಲವೆಂದು ಗಾಬರಿಯಾಗಬೇಡಿ ಎಂದು ಊರಿನಲ್ಲಿ ಉಳಿಯುವವರಿಗೆ ಮೊದಲೇ ಹೇಳಿಬಿಡಿ.

ಹಿಂದಿರುಗಿದ ದಿನ ಸ್ನಾನದ ಮನೆಯಲ್ಲಿ ಕಣ್ಣುಮುಚ್ಚಿ ತಲೆಗೆ ನೀರು ಹೊಯ್ದುಕೊಳ್ಳುವಾಗ ನೆಲವೇ ತೂಗಿದಂತಾದೀತು. ಅಲೆಗೆ ಹೊಂದಿಕೊಂಡ ದೇಹ ನೆಲಕ್ಕೆ ಮರಳಿ ಹೊಂದಿಕೊಳ್ಳುತ್ತಿದೆಯಷ್ಟೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಅಲ್ಲಿಯವರೆಗೆ ಗೋಡೆಯ ಮೇಲೊಂದು ಕೈ ಇರಲಿ.