ಬಿಟ್ಟುಹೋದ ಒಂದು ಸಾಲು, ನೆಲ ಬಿಡದ 54 ವಿಮಾನ

ಐರ್ಲೆಂಡಿನ ಲಿಮೆರಿಕ್ ಊರಿನಲ್ಲಿ ಶಾನನ್ ನದಿಯ ಥೊಮಂಡ್ ಸೇತುವೆಯ ಬಳಿ ಎತ್ತರದ ಪೀಠವೊಂದರ ಮೇಲೆ ಒಂದು ಒರಟು ಬಂಡೆ ಕೂತಿದೆ. ಎದುರು ದಡದಲ್ಲಿ ಕಿಂಗ್ ಜಾನ್ ಕೋಟೆ. 1691ರ ಅಕ್ಟೋಬರ್ 3ರಂದು ಈ ಬಂಡೆಯ ಮೇಲೆಯೇ ಕಾಗದ ಹರಡಿ ಲಿಮೆರಿಕ್ ಒಪ್ಪಂದಕ್ಕೆ ಸಹಿ ಹಾಕಿದರೆಂದು ಊರಿನವರು ಹೇಳಿಕೊಂಡು ಬಂದಿದ್ದಾರೆ. ಊರಿನೊಳಗೆ ಮುತ್ತಿಗೆ ತಡೆದು ನಿಂತಿದ್ದ, ಕ್ಯಾಥೊಲಿಕರೇ ಹೆಚ್ಚಿದ್ದ ಐರಿಷ್ ಪಡೆಯ ಪರವಾಗಿ ಪ್ಯಾಟ್ರಿಕ್ ಸಾರ್ಸ್‌ಫೀಲ್ಡ್, ಹೊರಗೆ ಬೀಡುಬಿಟ್ಟಿದ್ದ ಇಂಗ್ಲೆಂಡಿನ ರಾಜ ವಿಲಿಯಂನ ಪರವಾಗಿ ದಂಡನಾಯಕ ಗಿಂಕೆಲ್. ಶರಣಾದವರ ಆಸ್ತಿಪಾಸ್ತಿ ಅವರಿಗೇ ಉಳಿಯುತ್ತದೆ, ಅವರವರ ಕಸುಬು ವ್ಯಾಪಾರಗಳನ್ನು ಮೊದಲಿನಂತೆಯೇ ಮಾಡಿಕೊಂಡಿರಬಹುದು ಎಂದು ಎರಡನೇ ಕಲಂ ಹೇಳುತ್ತಿತ್ತು.

ಆ ಕಲಮಿನ ಒಂದು ಸಾಲು ಶುದ್ಧಪ್ರತಿ ಬರೆಯುವಾಗ ಬಿಟ್ಟುಹೋಯಿತು. ಸೈನಿಕರಿಗೆ ಮಾತ್ರವಲ್ಲ, ಅವರ ಆಶ್ರಯದಲ್ಲಿದ್ದ ಆ ಸೀಮೆಯ ಜನರಿಗೆಲ್ಲ ರಕ್ಷಣೆ ಕೊಡುವ ಸಾಲು ಅದು. ಕರಡಿನಲ್ಲಿತ್ತು, ಸಹಿಯಾದ ಪ್ರತಿಯಲ್ಲಿ ಇರಲಿಲ್ಲ. ಮರುವರ್ಷ ರಾಜನೇ ಆ ಸಾಲನ್ನು ಮರಳಿ ಸೇರಿಸಿ ಒಪ್ಪಿದ. ಆದರೆ 1697ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟು ಒಪ್ಪಂದವನ್ನು ಶಾಸನವಾಗಿ ಮಾಡುವಾಗ ಅದನ್ನು ಮತ್ತೆ ಕೈಬಿಟ್ಟಿತು. ಆಮೇಲೆ ಬಂದ ಕಾನೂನುಗಳ ಪ್ರಕಾರ ಕ್ಯಾಥೊಲಿಕರು ಜಮೀನು ಕೊಳ್ಳುವಂತಿರಲಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಗೇಣಿ ಪಡೆಯುವಂತಿರಲಿಲ್ಲ. ಊರಿಗೆ ‘ಮುರಿದ ಒಪ್ಪಂದದ ನಗರ’ ಎಂಬ ಹೆಸರು ಅಂಟಿಕೊಂಡಿತು.

ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲು ಸವೆಸಿದ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಒಂದು ದಿಕ್ಕು ತಪ್ಪಿದರೆ ಮೊಮ್ಮಕ್ಕಳ ಕಾಲದವರೆಗೂ ದಾವೆ ನಡೆಯುತ್ತದೆ. ಆದರೆ ಲಿಮೆರಿಕ್‌ನ ಬಂಡೆ ಕಲಿಸುವ ಪಾಠ ಬರವಣಿಗೆಯ ತಪ್ಪಿನಷ್ಟಕ್ಕೇ ನಿಲ್ಲುವುದಿಲ್ಲ. ಸಹಿ ಬಿದ್ದದ್ದು ಒಂದು ಕಡೆ, ಅದನ್ನು ಶಾಸನವಾಗಿ ಮಾಡಬೇಕಾದವರು ಇನ್ನೊಂದು ಕಡೆ. ಆ ಎರಡರ ನಡುವಿನ ಸಂದಿಯಲ್ಲಿ ಸಾವಿರಾರು ಮನೆಗಳ ಬದುಕು ಜಾರಿಹೋಯಿತು. ವ್ಯಾಪಾರದ ಕಾನೂನು ಓದುವ ಹುಡುಗ ಹುಡುಗಿಯರು ಮೊದಲು ಅಳೆಯಲು ಕಲಿಯಬೇಕಾದದ್ದು ಈ ಸಂದಿಯನ್ನು ಎಂದು ನನ್ನ ಗಟ್ಟಿ ನಂಬಿಕೆ.

ಊರಿನ ಪೂರ್ವಕ್ಕೆ, ಅದೇ ಶಾನನ್ ದಡದ ಪ್ಲಾಸಿ ಎಂಬಲ್ಲಿ ಲಿಮೆರಿಕ್ ವಿಶ್ವವಿದ್ಯಾಲಯ ಇದೆ. 1972ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಯಾಗಿ ಶುರುವಾಗಿ 1989ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಓದಿನ ನಡುವೆ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಕೆಲಸದ ಜಾಗಕ್ಕೆ ಕಳಿಸುವುದು ಇಲ್ಲಿನ ಮೊದಲಿನಿಂದಲೂ ಬಂದ ಪದ್ಧತಿ. ಇಲ್ಲಿನ ವ್ಯವಹಾರ ಅಧ್ಯಯನ ವಿಭಾಗಕ್ಕೆ ಇಟ್ಟಿರುವ ಹೆಸರು ಕೆಮ್ಮಿ ಬಿಸಿನೆಸ್ ಸ್ಕೂಲ್. ಜಿಮ್ ಕೆಮ್ಮಿ ಕಲ್ಲುಕುಟಿಗರಾಗಿದ್ದವರು, ಕಾರ್ಮಿಕ ಸಂಘಟಕರು, ಆಮೇಲೆ ಊರಿನ ಮೇಯರ್, ಸಂಸದ. 1997ರಲ್ಲಿ ತೀರಿಕೊಂಡರು. ವಾಣಿಜ್ಯ ಕಲಿಸುವ ಶಾಲೆಗೆ ಉದ್ಯಮಿಯೊಬ್ಬರ ಹೆಸರಿಡದೆ ಕಲ್ಲು ಕಡಿದ ಕೈಯ ಹೆಸರಿಟ್ಟ ಊರು ಇದು. ನನಗೆ ಇದು ಬಹಳ ಹಿಡಿಸಿತು.

ಅದಕ್ಕೆ ತಕ್ಕ ಇತಿಹಾಸವೂ ಊರಿಗಿದೆ. 1919ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆ ಲಿಮೆರಿಕ್ ಅನ್ನು ವಿಶೇಷ ಸೈನಿಕ ವಲಯವೆಂದು ಸಾರಿ, ಕೆಲಸಕ್ಕೆ ಹೋಗಿಬರಲೂ ಪಾಸು ಬೇಕೆಂದಾಗ, ಕಾರ್ಮಿಕರು ಊರಿಗೆ ಊರನ್ನೇ ನಿಲ್ಲಿಸಿದರು. ಸುಮಾರು ಎರಡು ವಾರ ಆಡಳಿತವೆಲ್ಲ ಮುಷ್ಕರ ಸಮಿತಿಯ ಕೈಯಲ್ಲಿತ್ತು. ಸಮಿತಿ ಆಹಾರದ ಬೆಲೆ ಕಟ್ಟಿತು, ಯಾವ ಅಂಗಡಿ ಎಷ್ಟು ಹೊತ್ತು ತೆರೆದಿರಬೇಕೆಂದು ಗೊತ್ತುಮಾಡಿತು, ತನ್ನದೇ ಶಿಲ್ಲಿಂಗ್ ನೋಟುಗಳನ್ನು ಅಚ್ಚು ಹಾಕಿತು. ಹಿಂದೆ ಬ್ಯಾಂಕಿಲ್ಲ, ಖಜಾನೆಯಿಲ್ಲ, ಆದರೂ ಅಂಗಡಿಯವರು ಆ ನೋಟು ತೆಗೆದುಕೊಂಡರು. ಹಣವೆಂದರೆ ಏನು, ಅದು ಯಾರ ಮಾತಿನ ಬಲದಿಂದ ಚಲಾವಣೆಯಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಕರ್ನಾಟಕದಲ್ಲಿ ಬಿ.ಕಾಂ. ಅಥವಾ ಎಲ್‌ಎಲ್.ಬಿ. ಮುಗಿಸಿ ಬಂದವರಿಗೆ ಲಿಮೆರಿಕ್‌ನ ತರಗತಿಯಲ್ಲಿ ಅರ್ಧ ಪಾಠ ಮೊದಲೇ ಕೇಳಿದಂತೆ ಅನಿಸುತ್ತದೆ. ಬ್ರಿಟನ್ನಿನ 1893ರ ಸರಕು ಮಾರಾಟ ಕಾಯ್ದೆಯನ್ನು ಸ್ವತಂತ್ರ ಐರ್ಲೆಂಡು ಹಾಗೇ ಉಳಿಸಿಕೊಂಡಿತು. ನಮ್ಮ 1930ರ ಸರಕು ಮಾರಾಟ ಕಾಯ್ದೆ ಅದರದೇ ಅಚ್ಚಿನಲ್ಲಿ ಬಂದದ್ದು. ಸ್ಪರ್ಧಾ ಕಾಯ್ದೆಯಂತೂ ಎರಡೂ ದೇಶಗಳಲ್ಲಿ 2002ರದೇ. ನಂಟು ಇನ್ನೂ ಹಳೆಯದು. 1877ರಿಂದ 1882ರವರೆಗೆ ಭಾರತ ಸರ್ಕಾರದ ಕಾನೂನು ಸದಸ್ಯರಾಗಿದ್ದು ನಮ್ಮ ಸಂಹಿತೆಗಳನ್ನು ತಿದ್ದಿ ತೀಡಿದ ವಿಟ್ಲಿ ಸ್ಟೋಕ್ಸ್ ಡಬ್ಲಿನ್‌ನಲ್ಲಿ ಹುಟ್ಟಿದವರು. ಹಳೆಯ ಐರಿಷ್ ಭಾಷೆಯ ದೊಡ್ಡ ಪಂಡಿತರೂ ಹೌದು.

ಇಂಗ್ಲಿಷರ ಕಾನೂನು ಬರುವ ಮೊದಲು ಐರ್ಲೆಂಡಿನಲ್ಲಿ ಬ್ರೆಹೊನ್ ಎಂಬ ನ್ಯಾಯಪಂಡಿತರ ಕಟ್ಟಳೆಗಳು ನಡೆಯುತ್ತಿದ್ದವು. ಸಾಲ ತೀರಿಸದ ದೊಡ್ಡವರ ಮನೆ ಬಾಗಿಲಲ್ಲಿ ಸಾಲ ಕೊಟ್ಟವನು ಉಪವಾಸ ಕೂರಬಹುದಿತ್ತು. ಅದಕ್ಕೆ ಬಗ್ಗದ ಧಣಿ ಮಾನ ಕಳೆದುಕೊಳ್ಳುತ್ತಿದ್ದ. ಇದು ನಮ್ಮ ಧರಣಿಯೇ! ನಮ್ಮಲ್ಲಿಯೂ ಸಾಲಗಾರನ ಬಾಗಿಲಲ್ಲಿ ಅನ್ನ ನೀರು ಬಿಟ್ಟು ಕೂತು ಬಾಕಿ ವಸೂಲಿ ಮಾಡುವ ರೂಢಿಯಿತ್ತು. 1860ರ ದಂಡ ಸಂಹಿತೆಯ 508ನೇ ಕಲಂ ಅದನ್ನು ಉದಾಹರಣೆಯಾಗಿ ಕೊಟ್ಟೇ ಅಪರಾಧವೆಂದಿತು. ಭಾರತದಲ್ಲಿ ಕಾನೂನು ಸದಸ್ಯರಾಗಿದ್ದ ಹೆನ್ರಿ ಮೇನ್ 1875ರಲ್ಲಿ ಈ ಎರಡು ಪದ್ಧತಿಗಳ ಹೋಲಿಕೆಯ ಬಗ್ಗೆ ಬರೆದರು. ಕೋರ್ಟು, ಅಮೀನ, ಜಪ್ತಿ ವಾರಂಟು ಏನೂ ಇಲ್ಲದ ಕಾಲದಲ್ಲಿ ಬಡ ಸಾಲದಾತನ ಕೈಯಲ್ಲಿದ್ದ ಆಯುಧವೆಂದರೆ ತನ್ನ ಹಸಿವು ಮತ್ತು ಎದುರಿನವನ ಮರ್ಯಾದೆ.

ವ್ಯವಹಾರದ ಹಳೆಯ ಕಟ್ಟಳೆಗಳು ನಮ್ಮಲ್ಲೂ ಇದ್ದವು. ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ವ್ಯವಹಾರಾಧ್ಯಾಯದಲ್ಲಿ ಸಾಲಕ್ಕೆ ಒಂದು ಪ್ರಕರಣ, ಕಾಪಾಡಿಕೊಡಲು ಒಪ್ಪಿಸಿದ ವಸ್ತುವಿಗೆ ಒಂದು ಪ್ರಕರಣ, ಕೂಡಿ ವ್ಯಾಪಾರ ಮಾಡುವವರ ಲಾಭನಷ್ಟದ ಹಂಚಿಕೆಗೆ ‘ಸಂಭೂಯ ಸಮುತ್ಥಾನ’ ಎಂಬ ಇನ್ನೊಂದು ಪ್ರಕರಣ ಇವೆ. ಹಾಕಿದ ಬಂಡವಾಳಕ್ಕೆ ತಕ್ಕಂತೆ ಅಥವಾ ಮೊದಲೇ ಆಡಿಕೊಂಡ ಮಾತಿನಂತೆ ಹಂಚಿಕೊಳ್ಳಬೇಕು ಎಂಬುದು ಅದರ ತಿರುಳು. ಮೊದಲೇ ಆಡಿಕೊಂಡ ಮಾತಿಗೆ ಇಂದಿನ ಪಾಲುದಾರಿಕೆ ಕಾನೂನೂ ಬೆಲೆ ಕೊಡುತ್ತದೆ. ಮಿತಾಕ್ಷರ ಎಂದರೆ ಪಿತ್ರಾರ್ಜಿತ ಆಸ್ತಿಯ ಪಾಲು ಎಂದಷ್ಟೇ ನಮ್ಮ ಕಾನೂನು ಕಾಲೇಜುಗಳಲ್ಲಿ ಓದಿಸುತ್ತಾರೆ. ವ್ಯಾಪಾರದ ಭಾಗವನ್ನೂ ಓದಿಸಬೇಕು.

ಸಾಮ್ಯ ಕಂಡು ಸಲಿಗೆ ಬೆಳೆದ ಕಡೆಯೇ ಎಡವುವುದೂ ಹೆಚ್ಚು. ನೌಕರಿಯ ಕರಾರನ್ನೇ ನೋಡಿ. ನಮ್ಮ 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಯಾರೇ ಆಗಲಿ ನ್ಯಾಯವಾದ ಕಸುಬು ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತಿಗೆ ಬೆಂಗಳೂರಿನಲ್ಲಿ ಸಹಿ ಹಾಕಿದವರು ಅದನ್ನು ತಲೆಗೆ ಹಚ್ಚಿಕೊಳ್ಳದಿರುವುದಕ್ಕೆ ಕಾರಣ ಇದೇ. ಐರ್ಲೆಂಡಿನಲ್ಲಿ ಇಂಥ ಕಲಂ ಇಲ್ಲ. ಅಲ್ಲಿನ ನ್ಯಾಯಾಲಯ ಷರತ್ತನ್ನು ತೂಗಿ ನೋಡುತ್ತದೆ. ಮಾಲೀಕನಿಗೆ ಕಾಪಾಡಿಕೊಳ್ಳಬೇಕಾದ ನಿಜವಾದ ಹಿತ ಏನಾದರೂ ಇದೆಯೇ, ಅವಧಿ ಎಷ್ಟು, ಪ್ರದೇಶ ಎಷ್ಟು ಎಂದು ಕೇಳುತ್ತದೆ. ಮಿತಿಯಲ್ಲಿದೆ ಅನಿಸಿದರೆ ಎತ್ತಿಹಿಡಿಯುತ್ತದೆ. ಲಿಮೆರಿಕ್‌ನಲ್ಲಿ ಕೆಲಸಕ್ಕೆ ಸೇರುವ ನಮ್ಮ ಎಂಜಿನಿಯರುಗಳು ನಮ್ಮೂರಿನ ಧೈರ್ಯದಲ್ಲಿ ಅಲ್ಲಿ ಸಹಿ ಹಾಕಬಾರದು. ಹಾಗೆಂದು ನಮ್ಮೂರಿನ ಧೈರ್ಯಕ್ಕೂ ಮಿತಿಯಿದೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಬಾಂಡು 27ನೇ ಕಲಮಿಗೆ ವಿರುದ್ಧವಲ್ಲ ಎಂದಿತು. ಕೆಲಸದಲ್ಲಿರುವಾಗಿನ ಕಟ್ಟು ಬೇರೆ, ಬಿಟ್ಟ ಮೇಲಿನ ಕಟ್ಟು ಬೇರೆ.

ಕಂಪನಿ ಕಟ್ಟುವ ಆಸೆಯಿದ್ದವರಿಗೂ ಒಂದು ಮಾತು. ಐರ್ಲೆಂಡಿನ 2014ರ ಕಂಪನಿ ಕಾಯ್ದೆ ಒಬ್ಬನೇ ನಿರ್ದೇಶಕನಿರುವ ಖಾಸಗಿ ಕಂಪನಿಯನ್ನು ಒಪ್ಪುತ್ತದೆ, ಆದರೆ ಕಾರ್ಯದರ್ಶಿ ಬೇರೆಯವರೇ ಆಗಿರಬೇಕು. ನಿರ್ದೇಶಕರಲ್ಲಿ ಒಬ್ಬರಾದರೂ ಯುರೋಪಿಯನ್ ಆರ್ಥಿಕ ಪ್ರದೇಶದಲ್ಲಿ ನೆಲೆಸಿರದಿದ್ದರೆ ಸಾಮಾನ್ಯವಾಗಿ 25,000 ಯೂರೋ ಮೊತ್ತದ ಬಾಂಡು ಬೇಕು. ‘ಹೆಸರಿಗಷ್ಟೇ ನಿರ್ದೇಶಕನಾಗು’ ಎಂದು ಗೆಳೆಯರು ಕೇಳುವುದು ಇಂಥ ಕಡೆಯೇ. ಹೆಸರಿಗಷ್ಟೇ ಎಂಬ ನಿರ್ದೇಶಕನನ್ನು ಆ ಕಾಯ್ದೆ ಗುರುತಿಸುವುದಿಲ್ಲ. ಸಹಿ ಹಾಕಿದವನ ಮೇಲೆ ಹೊಣೆ ಪೂರ್ತಿ ಬೀಳುತ್ತದೆ.

ಇನ್ನು ಆಕಾಶದ ವಿಷಯ. ಲಿಮೆರಿಕ್‌ನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕ್ಲೇರ್ ಸೀಮೆಯಲ್ಲಿ ಶಾನನ್ ವಿಮಾನ ನಿಲ್ದಾಣ ಇದೆ. ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನಕ್ಕೆ ಇಳಿಯುತ್ತಿದ್ದ ಜಾಗ. 1947ರ ಒಂದು ಕಾಯ್ದೆ ಆ ನಿಲ್ದಾಣವನ್ನು ಸುಂಕಮುಕ್ತ ಎಂದಿತು, ಬ್ರೆಂಡನ್ ಓರೆಗನ್ ಅಲ್ಲಿ ಜಗತ್ತಿನ ಮೊದಲ ಡ್ಯೂಟಿ ಫ್ರೀ ಅಂಗಡಿ ತೆರೆದರು. ಜೆಟ್ ವಿಮಾನಗಳು ಇಳಿಯದೆ ಮೇಲಿಂದಲೇ ಹಾರಿಹೋಗುವ ಕಾಲ ಬಂದಾಗ, 1959ರಲ್ಲಿ ನಿಲ್ದಾಣದ ಸುತ್ತ ಸುಂಕಮುಕ್ತ ಕೈಗಾರಿಕಾ ವಲಯ ಕಟ್ಟಿದರು. 1980ರಲ್ಲಿ, ಮುಂದೆ ಚೀನಾದ ಅಧ್ಯಕ್ಷರಾದ ಜಿಯಾಂಗ್ ಜೆಮಿನ್ ಬಂದು ನೋಡಿಕೊಂಡು ಹೋದದ್ದು ಇದನ್ನೇ. ನಮ್ಮ ವಿಶೇಷ ಆರ್ಥಿಕ ವಲಯಗಳ ವಂಶವೃಕ್ಷದಲ್ಲಿ ಶಾನನ್ ಅಜ್ಜನ ಜಾಗದಲ್ಲಿದೆ.

ಅದೇ ಶಾನನ್‌ನಲ್ಲಿ 1975ರಲ್ಲಿ ಟೋನಿ ರಯಾನ್ ಗಿನ್ನೆಸ್ ಪೀಟ್ ಏವಿಯೇಷನ್ ಎಂಬ ವಿಮಾನ ಬಾಡಿಗೆ ಕಂಪನಿ ಹುಟ್ಟುಹಾಕಿದರು. 1992ರಲ್ಲಿ ಅದರ ಷೇರು ಬಿಡುಗಡೆ ಮುಗ್ಗರಿಸಿತು. ಆದರೆ ಅಲ್ಲಿ ಪಳಗಿದವರು ಹೊಸ ಕಂಪನಿಗಳನ್ನು ಕಟ್ಟಿದರು. ಇಂದು ಜಗತ್ತಿನ ಗುತ್ತಿಗೆ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಉಸ್ತುವಾರಿ ಐರ್ಲೆಂಡಿನಿಂದ ನಡೆಯುತ್ತದೆ.

ವಿಮಾನ ಬಾಡಿಗೆಗೆ ಕೊಡುವವನ ಭಯ ಒಂದೇ. ಬಾಡಿಗೆ ನಿಂತಾಗ ವಿಮಾನ ಬೇರೆ ದೇಶದಲ್ಲಿ ನಿಂತಿರುತ್ತದೆ, ಬೇರೆ ಕೋರ್ಟಿನ ಕೈಯಲ್ಲಿರುತ್ತದೆ. ಆ ಭಯಕ್ಕೆ ಮದ್ದಾಗಿ 2001ರಲ್ಲಿ ಕೇಪ್ ಟೌನ್ ಒಡಂಬಡಿಕೆ ಬಂತು. ವಿಮಾನದ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂದು ದಾಖಲಿಸುವ ಅಂತಾರಾಷ್ಟ್ರೀಯ ನೋಂದಣಿ ಪುಸ್ತಕ 2006ರಿಂದ ಡಬ್ಲಿನ್‌ನಲ್ಲಿದೆ. ಸೈಟು ಕೊಳ್ಳುವ ಮುಂಚೆ ನಾವು ಇ.ಸಿ. ತೆಗೆಸುತ್ತೇವಲ್ಲ, ವಿಮಾನದ ಇ.ಸಿ. ಸಿಗುವುದು ಅಲ್ಲಿ. ಬಾಡಿಗೆ ಪಡೆಯುವ ದಿನವೇ ವಿಮಾನ ಕಂಪನಿ ಮಾಲೀಕನ ಕೈಗೆ ಒಂದು ಅಧಿಕಾರಪತ್ರ ಬರೆದುಕೊಡುತ್ತದೆ. ಬಾಡಿಗೆ ತಪ್ಪಿದರೆ ವಿಮಾನದ ನೋಂದಣಿ ರದ್ದುಮಾಡಿ ದೇಶದಿಂದ ಹೊರಗೆ ಒಯ್ಯಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆಯುವಂತಿಲ್ಲ.

ಭಾರತ ಈ ಒಡಂಬಡಿಕೆಗೆ 2008ರಲ್ಲಿ ಸೇರಿತು. ಆದರೆ ದೇಶದೊಳಗೆ ಅದಕ್ಕೆ ಬಲ ಕೊಡುವ ಶಾಸನ ಬರಲಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ವಿಮಾನಗಳ ಮಾಲೀಕರು ತಮ್ಮ ಸೊತ್ತು ಬಿಡಿಸಿಕೊಳ್ಳಲು ಪರದಾಡಿದರು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಕಂಪನಿ ತಾನಾಗಿಯೇ ದಿವಾಳಿ ಅರ್ಜಿ ಹಾಕಿದಾಗ ಅದೇ ಕಥೆ ದೊಡ್ಡದಾಗಿ ನಡೆಯಿತು. ನಮ್ಮ 2016ರ ದಿವಾಳಿ ಸಂಹಿತೆಯ 14ನೇ ಕಲಂ ಪ್ರಕಾರ ಅರ್ಜಿ ಸ್ವೀಕಾರವಾದ ಕ್ಷಣದಿಂದ ಕಂಪನಿಯ ಸ್ವಾಧೀನದಲ್ಲಿರುವ ಯಾವುದನ್ನೂ ಕಿತ್ತುಕೊಂಡು ಹೋಗುವಂತಿಲ್ಲ. ಮಾಲೀಕರ ಕೈಯಲ್ಲಿ ಅಧಿಕಾರಪತ್ರವಿತ್ತು, ವಿಮಾನಗಳು ನೆಲದ ಮೇಲೇ ಇದ್ದವು. ಆ ವರ್ಷ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ವಿಮಾನಗಳನ್ನು 14ನೇ ಕಲಮಿನ ತಡೆಯಿಂದ ಹೊರಗಿಟ್ಟಿತು. ಅದರ ತಾರೀಖು ಅಕ್ಟೋಬರ್ 3, ಲಿಮೆರಿಕ್ ಒಪ್ಪಂದಕ್ಕೆ ಸಹಿ ಬಿದ್ದ ದಿನ. 2024ರ ಏಪ್ರಿಲ್ 26ರಂದು ದೆಹಲಿ ಹೈಕೋರ್ಟು 54 ವಿಮಾನಗಳ ನೋಂದಣಿಯನ್ನು ಐದು ಕೆಲಸದ ದಿನಗಳಲ್ಲಿ ರದ್ದುಮಾಡಲು ಆದೇಶಿಸಿತು. ಒಡಂಬಡಿಕೆಗೆ ಶಾಸನದ ಬಲ ಬಂದದ್ದು 2025ರಲ್ಲಿ, ಸಂಸತ್ತು ವಿಮಾನ ಸೊತ್ತುಗಳ ಹಿತರಕ್ಷಣಾ ಕಾಯ್ದೆಯನ್ನು ಒಪ್ಪಿದಾಗ. ಸಹಿಗೂ ಶಾಸನಕ್ಕೂ ನಡುವೆ 17 ವರ್ಷದ ಸಂದಿ.

ಮಾಲೀಕರ ಪರವಾಗಿಯೇ ಎಲ್ಲ ನ್ಯಾಯ ಇದೆ ಎಂದು ನಾನು ಹೇಳಲಾರೆ. 14ನೇ ಕಲಂ ಇರುವುದು ಮುಳುಗುವ ಕಂಪನಿಗೆ ಉಸಿರಾಡಲು ಸ್ವಲ್ಪ ಹೊತ್ತು ಕೊಡುವುದಕ್ಕೆ. ವಿಮಾನಗಳೇ ಹೊರಟುಹೋದರೆ ವಿಮಾನ ಕಂಪನಿಯಲ್ಲಿ ಬದುಕಿಸಲು ಏನು ಉಳಿಯುತ್ತದೆ? ಕಿಂಗ್‌ಫಿಷರ್ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾದದ್ದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ಅವರ ಕೈಯಲ್ಲಿ ಹಿಂತೆಗೆಯಲಾಗದ ಯಾವ ಅಧಿಕಾರಪತ್ರವೂ ಇರಲಿಲ್ಲ. ಇನ್ನೊಂದು ಕಡೆ, ಕೊಟ್ಟ ವಿಮಾನ ಮರಳಿ ಬಾರದ ದೇಶಕ್ಕೆ ಬಾಡಿಗೆ ಹೆಚ್ಚು ಬೀಳುತ್ತದೆ, ಆ ಹೆಚ್ಚಳ ಕೊನೆಗೆ ಪ್ರಯಾಣಿಕರ ಟಿಕೆಟ್ಟಿನಲ್ಲಿ ಸೇರುತ್ತದೆ. ಕೆಮ್ಮಿಯವರ ಹೆಸರಿನ ಶಾಲೆಯಲ್ಲಿ ಕೂತು ಓದುವವರು ಈ ಎರಡೂ ದಾವೆಗಳನ್ನು ಎದೆಗೆ ಹಚ್ಚಿಕೊಂಡು ವಾದಿಸಬೇಕು.

ಕೆಂಪೇಗೌಡ ನಿಲ್ದಾಣದಲ್ಲಿ ವಿಮಾನ ಹತ್ತುವಾಗ ಬಾಗಿಲ ಚೌಕಟ್ಟನ್ನು ಒಮ್ಮೆ ಗಮನಿಸಿ. ಹಲವು ವಿಮಾನಗಳಲ್ಲಿ ಅಲ್ಲಿ ಅಂಗೈಗಿಂತ ಚಿಕ್ಕ ಲೋಹದ ತಗಡೊಂದನ್ನು ಬಡಿದಿರುತ್ತಾರೆ. ಈ ವಿಮಾನ ಯಾರ ಸೊತ್ತು, ಯಾರಿಗೆ ಗುತ್ತಿಗೆ ಕೊಟ್ಟದ್ದು ಎಂದು ಅದರ ಮೇಲೆ ಕೊರೆದಿರುತ್ತದೆ. ಆ ಹೆಸರು ಐರ್ಲೆಂಡಿನ ಕಂಪನಿಯದಾಗಿದ್ದರೆ ಆಶ್ಚರ್ಯವಿಲ್ಲ.