ಒಣಗಿಯೂ ಸಾಯದ ಬಂಡೆಗಿಡ

ಸಾತ್ಪುರ ಶ್ರೇಣಿಯ ಪಚ್ಮಡಿಯಂತಹ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ಬಂಡೆಗಳ ಮೇಲೆ ಕಂದು ಬಣ್ಣದ, ಮುಷ್ಟಿಯಂತೆ ಮುದುಡಿದ ಗಿಡವೊಂದನ್ನು ಕಾಣಬಹುದು. ನೋಡಿದರೆ ಸತ್ತೇ ಹೋಗಿದೆ ಎನಿಸುತ್ತದೆ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಅದು ಬಿಚ್ಚಿಕೊಂಡು ಹಸಿರಾಗುತ್ತದೆ. ಇದರ ಹೆಸರು ಸೆಲಾಜಿನೆಲ್ಲ ಬ್ರಯಾಪ್ಟೆರಿಸ್.

ಹೆಸರಿನಲ್ಲಿ ಹಾವಸೆಯೂ ಇದೆ, ಜರೀಗಿಡವೂ ಇದೆ. ಆದರೆ ಗಿಡ ಎರಡೂ ಅಲ್ಲ. ಹಾವಸೆಗಿಲ್ಲದ ನಾಳಗಳು ಇದಕ್ಕಿವೆ. ಜರೀಗಿಡಗಳಿಂದ ಇದರ ವಂಶ ಬೇರೆಯಾಗಿ 40 ಕೋಟಿ ವರ್ಷಗಳೇ ಆಗಿವೆ. ದೊಡ್ಡ ಮತ್ತು ಚಿಕ್ಕ ಎಂಬ ಎರಡು ಬಗೆಯ ಬೀಜಾಣುಗಳಿಗಾಗಿ ಸೆಲಾಜಿನೆಲ್ಲ ವಿದ್ಯಾರ್ಥಿಗಳಿಗೆ ಪರಿಚಿತ.

ಬಹುಪಾಲು ಗಿಡಗಳು ಇಷ್ಟು ನೀರು ಕಳೆದುಕೊಂಡರೆ ಉಳಿಯುವುದಿಲ್ಲ. ಇದರ ಜೀವಕೋಶಗಳಲ್ಲಿ ಟ್ರೆಹಲೋಸ್‌ನಂತಹ ಸಕ್ಕರೆಗಳು ನೀರಿನ ಜಾಗವನ್ನು ತುಂಬಿ ಪೊರೆಗಳನ್ನೂ ಪ್ರೋಟೀನುಗಳನ್ನೂ ಕಾಪಾಡುತ್ತವೆ. ಮುದುಡುವುದಕ್ಕೂ ಕಾರಣವಿದೆ. ನೀರಿಲ್ಲದಾಗ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಆದರೆ ಪತ್ರಹರಿತ್ತು ಬೆಳಕನ್ನು ಹೀರುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿಯಿಂದ ಕೋಶಕ್ಕೆ ಹಾನಿ ಮಾಡುವ ಆಕ್ಸಿಜನ್ ರೂಪಗಳು ಹುಟ್ಟುತ್ತವೆ. ಎಲೆಗಳ ಹಸಿರು ಮೇಲ್ಮೈ ಒಳಗೆ ಸುತ್ತಿಕೊಂಡರೆ ಬಿಸಿಲು ತಾಗುವುದು ಕಡಿಮೆ. ಪತ್ರಹರಿತ್ತು ಉಳಿದುಕೊಂಡಿರುವುದರಿಂದ ನೀರು ಸಿಕ್ಕೊಡನೆ ಗಿಡ ಕೆಲಸಕ್ಕೆ ತೊಡಗಬಲ್ಲದು.

ಜಾತ್ರೆ, ಯಾತ್ರಾಸ್ಥಳಗಳಲ್ಲಿ 'ಸಂಜೀವಿನಿ' ಎಂದು ಇದನ್ನು ಮಾರುತ್ತಾರೆ. ಬಟ್ಟಲಿನ ನೀರಿನಲ್ಲಿ ಅರಳಿಸಿ ತೋರಿಸುವುದೂ ಉಂಟು. ಆದರೆ ಅರಳಿದ ಮಾತ್ರಕ್ಕೆ ಗಿಡ ಬದುಕಿದೆ ಎನ್ನಲಾಗದು. ಇದರ ಮೆಕ್ಸಿಕೋದ ಬಂಧು ಸೆಲಾಜಿನೆಲ್ಲ ಲೆಪಿಡೊಫಿಲ್ಲ ಸತ್ತ ಮೇಲೂ ನೀರಿನಲ್ಲಿ ಅರಳುತ್ತದೆ. ಅದು ಅಂಗಾಂಶ ನೀರು ಹೀರಿ ಉಬ್ಬುವ ಭೌತಿಕ ಕ್ರಿಯೆಯಷ್ಟೇ. ತುದಿಯಲ್ಲಿ ಹೊಸ ಚಿಗುರು ಬಂದರೆ ಮಾತ್ರ ಜೀವವಿದೆ ಎನ್ನಬಹುದು. ತರಗತಿಯಲ್ಲಿ ಇದನ್ನು ತೋರಿಸಲು ಪೈನ್ ಮರದ ಒಣ ಕಾಯಿ ಸಾಕು. ಅದು ನೀರಿನಲ್ಲಿ ಮುಚ್ಚುತ್ತದೆ, ಒಣಗಿದಾಗ ತೆರೆಯುತ್ತದೆ. ದಿಕ್ಕು ತಿರುಗುಮುರುಗು, ತತ್ವ ಒಂದೇ.

ರಾಮಾಯಣದ ಸಂಜೀವಿನಿ ಇದೇ ಇರಬಹುದೇ? 2009ರಲ್ಲಿ ಕೆ.ಎನ್. ಗಣೇಶಯ್ಯ, ಆರ್. ವಾಸುದೇವ ಮತ್ತು ಆರ್. ಉಮಾಶಂಕರ್ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಚರ್ಚಿಸಿದರು. ಭಾರತೀಯ ಭಾಷೆಗಳ ಸಸ್ಯನಾಮಗಳನ್ನು ಜಾಲಾಡಿ ಅವರು ಆರಿಸಿದ ಕೆಲವೇ ಗಿಡಗಳಲ್ಲಿ ಇದೂ ಒಂದು. ಅದು ಹೆಸರು, ನೆಲೆ, ಗುಣಗಳ ಹೋಲಿಕೆಯೇ ಹೊರತು ಔಷಧಿಯ ಪರೀಕ್ಷೆಯಲ್ಲ. 2005ರ ಇನ್ನೊಂದು ಅಧ್ಯಯನದಲ್ಲಿ ಇದರ ಸಾರ ಶಾಖದ ಆಘಾತದಿಂದ ಜೀವಕೋಶಗಳಿಗೆ ರಕ್ಷಣೆ ನೀಡಿತು. ಅವು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳು, ರೋಗಿಗಳಲ್ಲ.

ಮಾರಾಟಕ್ಕಾಗಿ ಕೀಳುವವರು ಗಿಡವನ್ನು ಬುಡಸಹಿತ ಎತ್ತುತ್ತಾರೆ. ಹೀಗಾಗಿ ಕೆಲವು ಕಡೆ ಇದು ಅಪರೂಪವಾಗಿದೆ. ಬಂಡೆಯ ಮೇಲೆ ಸೇರಿದ ತೆಳು ಮಣ್ಣನ್ನು ಹಿಡಿದಿರುವುದು ಇದರ ಬೇರುಗಳೇ. ಗಿಡ ಹೋದ ಮೇಲೆ ಆ ಮಣ್ಣೂ ಮಳೆಗೆ ತೊಳೆದುಹೋಗುತ್ತದೆ, ಬೀಜಾಣು ಬಿದ್ದರೂ ಬೇರೂರಲು ನೆಲೆ ಇರುವುದಿಲ್ಲ.