ಮ್ಯಾಲಿನವರ ನೀರು

ಮಾರ್ಚ್ ತಿಂಗಳ ಬಿಸಿಲಲ್ಲಿ ಗಂಗಾವತಿ ದಾಟಿ ಕಾರಟಗಿ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ನೆಲ್ಲು. ಕೊಪ್ಪಳ, ರಾಯಚೂರು ಜಿಲ್ಲೆಗಳ ಉಳಿದ ಹೊಲಗಳೆಲ್ಲ ಕೊಯ್ಲು ಮುಗಿಸಿ ಬಿರುಕು ಬಿಟ್ಟು ಮಲಗಿರುವಾಗ ಇಲ್ಲಿ ಮಾತ್ರ ಎರಡನೇ ಬೆಳೆ ತೆನೆ ಬಿಚ್ಚುತ್ತಿರುತ್ತದೆ. ಅಕ್ಕಿ ಗಿರಣಿಗಳ ಚಿಮಣಿ, ಗಾಳಿಯಲ್ಲಿ ತೌಡಿನ ವಾಸನೆ, ಕಾಲುವೆ ಏರಿ ಮೇಲೆ ಸಾಲಾಗಿ ಒಣಹಾಕಿದ ಸೀರೆಗಳು. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಭತ್ತದ ಕಣಜ ಎಂಬ ಮಾತು ಇಲ್ಲಿ ಅತಿಶಯವೆನಿಸುವುದಿಲ್ಲ.

ಬಸ್ಸಿಳಿದು ಬದುವಿನ ಮೇಲೆ ನಡೆದವರಿಗೆ ಬೇರೆ ಬಣ್ಣ ಕಾಣುತ್ತದೆ. ಹಸಿರಿನ ನಡುನಡುವೆ ಒಂದೊಂದು ಮಡಿ ಬೆಳ್ಳಗೆ ಬರಿದಾಗಿ ಬಿದ್ದಿರುತ್ತದೆ. ಮೇಲ್ಮಣ್ಣು ಉಬ್ಬಿ ಪುಡಿಯಾಗಿ, ಕಾಲಿಟ್ಟರೆ ಮೆಟ್ಟು ಮೆತ್ತಗೆ ಒಳಕ್ಕಿಳಿಯುತ್ತದೆ. ಅಂಚಿನಲ್ಲಿ ಒಂದೆರಡು ಬಳ್ಳಾರಿ ಜಾಲಿ. ನೆಲ್ಲು ಹಚ್ಚಿದ್ದರ ಗುರುತಾಗಿ ಗೇಣುದ್ದದ ಕಡ್ಡಿಗಳು, ತುದಿ ಸುಟ್ಟು ಹಳದಿ. ಹೊಲದವನು ಸಲಿಕೆ ಹಾಕಿ ಒಂದು ಹೆಂಟೆ ಎತ್ತುತ್ತಾನೆ. ಕರೀ ಎರೆಮಣ್ಣು, ಒಡೆದರೆ ಒಳಗೆ ಬಿಳಿ ಚುಕ್ಕಿ. ಇನ್ನೆರಡು ಮೊಳ ಅಗೆಯುವಷ್ಟರಲ್ಲಿ ಕುಣಿಯ ಬದಿಯಿಂದ ನೀರು ಜಿನುಗಿ ತಳ ಮುಚ್ಚುತ್ತದೆ. ಅವನು ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗಿಟ್ಟು ಉಗುಳಿ, ‘ಸವಳ್ರಿ, ನಮ್ಮಪ್ಪನ ಕಾಲಕ್ಕ ಇದರಾಗ ಜ್ವಾಳ ಬೆಳೀತಿತ್ತು’ ಎನ್ನುತ್ತಾನೆ. ಪ್ರಯೋಗಾಲಯದವರು ಇದನ್ನೇ ವಿದ್ಯುತ್ ವಾಹಕತೆಯಲ್ಲಿ ಅಳೆದು, ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದರಿಂದ ಲವಣಯುಕ್ತ ಎಂದು ಬರೆದುಕೊಡುತ್ತಾರೆ. ನಾಲಿಗೆಯ ವರದಿಗೂ ಕಾಗದದ ವರದಿಗೂ ಅಂಥ ವ್ಯತ್ಯಾಸವೇನಿಲ್ಲ.

ಉಪ್ಪು ಹೊರಗಿನಿಂದ ಬಂದದ್ದಲ್ಲ, ಬಹುಪಾಲು ಈ ನೆಲದ ಹೊಟ್ಟೆಯಲ್ಲೇ ಇತ್ತು. ಮಳೆಯನ್ನೇ ನಂಬಿದ್ದ ಕಾಲದಲ್ಲಿ ಅಂತರ್ಜಲ ಆಳದಲ್ಲಿತ್ತು, ಉಪ್ಪೂ ಆಳದಲ್ಲಿತ್ತು. ಕಾಲುವೆ ಬಂದು, ಎರೆನೆಲದಲ್ಲಿ ವರ್ಷಕ್ಕೆ ಎರಡು ಸಲ ತಿಂಗಳುಗಟ್ಟಲೆ ನೀರು ನಿಂತಾಗ ಬಸಿಯಲು ದಾರಿಯಿಲ್ಲದೆ ಒಳಗಿನ ನೀರಿನ ಮಟ್ಟ ಏರಿತು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಜಿಗುಟು ಮಣ್ಣು ಆ ನೀರನ್ನು ಮೇಲಕ್ಕೆಳೆಯಿತು. ಬಿಸಿಲು ನೀರನ್ನಷ್ಟೇ ಒಯ್ದು ಉಪ್ಪನ್ನು ಬಿಟ್ಟುಹೋಯಿತು. ಅಣೆಕಟ್ಟೆ ತುಂಬದೆ ಎರಡನೇ ಬೆಳೆಗೆ ನೀರು ಸಿಗದ ವರ್ಷ ಕುಣಿಯ ನೀರು ಇಳಿಯುತ್ತದೆ ಎಂದು ಇದೇ ರೈತರು ಹೇಳುತ್ತಾರೆ. ನೆಲಕ್ಕೆ ಬಿಡುವು ಸಿಕ್ಕಿತೆಂಬುದು ಗೊತ್ತಿದ್ದೇ ಆ ವರ್ಷವನ್ನು ಶಪಿಸುತ್ತಾರೆ. ಸಾಲದ ಕಂತು ನೆಲದಂತೆ ಬಿಡುವು ಕೇಳುವುದಿಲ್ಲವಲ್ಲ.

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದಾಗ ಎಡದಂಡೆ ಕಾಲುವೆಯ ಈ ಸೀಮೆಗೆ ಯೋಚಿಸಿದ್ದು ಹೆಚ್ಚಾಗಿ ಲಘು ನೀರಾವರಿ. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಬರಗಾಲದಲ್ಲಿ ಒಂದಿಷ್ಟು ಆಸರೆ. ನೆಲ್ಲಿಗೆ ಗೊತ್ತುಮಾಡಿದ ಪಾಲು ಚಿಕ್ಕದು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದ ರೈತರು ಎರೆಹೊಲ ಕೊಂಡು, ಮಟ್ಟ ಮಾಡಿ, ಮಡಿ ಕಟ್ಟಿ ನೆಲ್ಲು ಬೆಳೆದು ತೋರಿಸಿದರು. ನೋಡಿದವರೂ ಕಲಿತರು. ಅದನ್ನು ತಪ್ಪೆಂದು ಈಗ ಕೂತು ಹೇಳುವುದು ಸುಲಭ. ಬರಕ್ಕೆ ಊರು ಬಿಟ್ಟು ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಗಿರಣಿ ಎದ್ದು, ಮಕ್ಕಳು ಕಾಲೇಜು ಕಂಡದ್ದು ಇದೇ ಸೋನಾ ಮಸೂರಿ ನೆಲ್ಲಿನಿಂದ. ಆದರೆ ಕಾಲುವೆಯ ತಲೆಯಲ್ಲಿರುವವರು ಎರಡು ಬೆಳೆ ನೆಲ್ಲು ಬೆಳೆದರೆ ಬಾಲದಲ್ಲಿರುವ ಮಾನ್ವಿ, ರಾಯಚೂರು ಕಡೆಯವರಿಗೆ ಉಳಿಯುವುದು ರಸ್ತೆ ತಡೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105 ಚಿಲ್ಲರೆಗೆ ಇಳಿದಿದೆ. ತಲೆಗೂ ಬಾಲಕ್ಕೂ ಜಗಳ ಹೆಚ್ಚಿಸಲು ಅಷ್ಟು ಸಾಕು.

ಸಂಜೆಯಾದರೆ ಕ್ಯಾಂಪಿನ ಗೊಬ್ಬರದಂಗಡಿಯ ಮುಂದೆ ಬೈಕುಗಳು ನಿಲ್ಲುತ್ತವೆ. ಒಳಗೆ ಕಣ್ಣು ಉರಿಸುವ ಘಾಟು. ಅಂಗಡಿಯವನು ಅದಕ್ಕೆ ಒಗ್ಗಿಕೊಂಡು ಅಲ್ಲೇ ಚಹಾ ಕುಡಿಯುತ್ತಾನೆ. 45 ಕೆ.ಜಿ. ಯೂರಿಯಾ ಚೀಲದ ಮೇಲೆ ಅಚ್ಚಾದ ಬೆಲೆ 266 ರೂಪಾಯಿ 50 ಪೈಸೆ. 50 ಕೆ.ಜಿ. ಡಿಎಪಿ 1,350. ಸಾರಜನಕ ಇಷ್ಟು ಅಗ್ಗವಾಗಿರುವಾಗ ಕೈ ತಡೆಯುವುದು ಹೇಗೆ? ಮೊದಲು ಯೂರಿಯಾ ಚೀಲವೂ 50 ಕೆ.ಜಿ. ಇತ್ತು. ರೈತರು ಕಿಲೋ ಲೆಕ್ಕವಲ್ಲ, ಚೀಲದ ಲೆಕ್ಕ ಹಾಕುತ್ತಾರೆ, ಚೀಲ ಸಣ್ಣದಾದರೆ ಬಳಕೆಯೂ ಇಳಿದೀತು ಎಂದು 2018ರಲ್ಲಿ ಅದನ್ನು ಕಿರಿದು ಮಾಡಿದರು. ರೈತನ ಮನಸ್ಸನ್ನು ಸರ್ಕಾರ ಇಷ್ಟು ಸೂಕ್ಷ್ಮವಾಗಿ ಓದಿದ್ದು ಅಪರೂಪ. ಆದರೆ ‘ಎಕರೆಗೆ ಇನ್ನೊಂದು ಚೀಲ ಒಗಿ’ ಎನ್ನುವ ಪಕ್ಕದ ಹೊಲದವನ ಬಾಯಿಯ ಮುಂದೆ ಅದು ಎಷ್ಟರ ಮಟ್ಟಿಗೆ ನಿಂತೀತು?

ಯೂರಿಯಾ ಹೆಚ್ಚಾದ ಮಡಿ ಕಡು ಹಸಿರಾಗಿ, ದಟ್ಟವಾಗಿ ಬೆಳೆಯುತ್ತದೆ. ಕಂದು ಜಿಗಿಹುಳುವಿಗೆ ಬೇಕಾದದ್ದೂ ಅದೇ. ಬುಡದಲ್ಲಿ, ನೀರಿನ ಮೇಲಂಚಿಗೆ ಕೂತು ರಸ ಹೀರುತ್ತದೆ. ನಾಲ್ಕೈದು ದಿನದಲ್ಲಿ ಹೊಲದ ನಡುವೆ ಬೆಂಕಿ ಬಿದ್ದು ಆರಿದಂತೆ ದುಂಡನೆಯ ಕಂದು ಕಲೆ. ಆಗ ಅಂಗಡಿಗೆ ಓಟ, ‘ಎಣ್ಣಿ’ ಎಂದು ಕರೆಯುವ ಕೀಟನಾಶಕ ಹೊಡೆಯುವ ಗಡಿಬಿಡಿ. ಎಣ್ಣೆಗೆ ಜಿಗಿಹುಳು ಸಾಯುತ್ತದೆ, ಅದನ್ನು ತಿನ್ನುವ ಜೇಡವೂ ಮಿರಿಡ್ ತಿಗಣೆಯೂ ಸಾಯುತ್ತವೆ. ತಿನ್ನುವವರಿಲ್ಲದ ಹೊಲಕ್ಕೆ ಜಿಗಿಹುಳು ಮೊದಲಿಗಿಂತ ಜೋರಾಗಿ ಮರಳುತ್ತದೆ. ಅನುಭವಸ್ಥ ರೈತ ಇದನ್ನು ಕೃಷಿ ಪದವೀಧರನಿಗಿಂತ ಚೆನ್ನಾಗಿ ವಿವರಿಸಬಲ್ಲ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವೂ ಅವನಿಗೆ ಗೊತ್ತು: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರಿನದು ಕೊಟ್ಟರೆ ಮಾತ್ರ ‘ಇದು ಹಿಡಿಯಂಗಿಲ್ಲ ಬಿಡ್ರಿ’ ಎಂದು ವಾಪಸು ಸರಿಸುತ್ತಾನೆ. ಅಪಾಯದ ಗುರುತು ಅವನ ಕೈಯಲ್ಲಿ ತಾಕತ್ತಿನ ಗುರುತಾಗಿಬಿಟ್ಟಿದೆ.

ಹೊಲದಿಂದ ಏನೇನು ಹೋಯಿತೆಂದು ಹೆಂಗಸರನ್ನು ಕೇಳಬೇಕು. ಕಳೆ ಕೀಳಲು ಹೋಗುತ್ತಿದ್ದವರು ಸಂಜೆ ಮಡಿಲಲ್ಲಿ ಬದುವಿನ ಹೊನಗೊನ್ನೆ ಸೊಪ್ಪು ತರುತ್ತಿದ್ದರು. ಕಾಲುವೆ ನೀರು ನಿಂತಾಗ ಮಡಿಯಲ್ಲಿ ಸಿಕ್ಕುತ್ತಿದ್ದ ಏಡಿ, ಸಣ್ಣ ಮೀನು ಆ ದಿನದ ಸಾರಾಗುತ್ತಿತ್ತು. ಕಳೆನಾಶಕ ಬಂದ ಮೇಲೆ ಕಳೆಯ ಕೂಲಿಯೂ ಹೋಯಿತು, ಸೊಪ್ಪೂ ಹೋಯಿತು. ಅಲ್ಲೊಂದು ಇಲ್ಲೊಂದು ಕಂಡ ಸೊಪ್ಪನ್ನು ಕಿತ್ತು ಮನೆಗೆ ಒಯ್ಯಲು ಈಗ ಅವರಿಗೇ ಧೈರ್ಯವಿಲ್ಲ. ದೊಡ್ಡ ಹಿಡುವಳಿಯ ಮನೆಗಳಲ್ಲಿ ಇನ್ನೊಂದು ಕಂಡುಬರುತ್ತದೆ. ತೋಟದ ಮನೆಯ ಹಿಂದೆ ಅರ್ಧ ಎಕರೆಯ ಒಂದು ಮಡಿ, ಅದಕ್ಕೆ ಸಗಣಿ ಗೊಬ್ಬರ ಮಾತ್ರ, ಎಣ್ಣೆಯಿಲ್ಲ. ಅದು ಮನೆಯವರಿಗೆ ಉಣ್ಣಲು. ಉಳಿದದ್ದು ಗಿರಣಿಗೆ.

ಇವರಿಗೆ ‘ಅರಿವು’ ಮೂಡಿಸಲು ಸಭೆಗಳು ನಡೆಯುತ್ತವೆ. ಶಾಮಿಯಾನ, ಬಾಡಿಗೆ ಕುರ್ಚಿ, ಸಸಿಗೆ ನೀರೆರೆದು ಉದ್ಘಾಟನೆ. ವಿಜ್ಞಾನಿಗಳು ಪರದೆಯ ಮೇಲೆ ಸವಳು ನೆಲದ ಚಿತ್ರ ತೋರಿಸುತ್ತಾರೆ. ಚಿತ್ರದಲ್ಲಿರುವಂಥ ಹೊಲದಿಂದಲೇ ಎದ್ದು ಬಂದವರು ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಏಳುತ್ತಾನೆ. ‘ನೀವು ಹೇಳಿದ್ದೆಲ್ಲ ಖರೆ ಐತ್ರಿ. ನಾನು ನೀರು ಕಡಿಮಿ ಕಟ್ಟತೀನಿ. ಆದ್ರ ಮ್ಯಾಲಿನವರ ನೀರು ಬಸದು ನನ್ನ ಹೊಲಕ್ಕ ಬರತೈತಿ. ಅವರಿಗೆ ಹೇಳ್ರಿ.’ ಸಭೆ ನಗುತ್ತದೆ. ಮ್ಯಾಲಿನವರು ಸಭೆಗೆ ಬಂದಿರುವುದಿಲ್ಲ. ವೇದಿಕೆಯ ಮೇಲಿನವರ ಬಳಿ ಉತ್ತರವೂ ಇರುವುದಿಲ್ಲ.

ತಿಳಿವಳಿಕೆಯ ಕೊರತೆ ಎಂಬ ರೋಗನಿದಾನವನ್ನು ಈ ಸೀಮೆಯಲ್ಲಿ ನಾನು ಒಪ್ಪಲಾರೆ. ಕಾಲು, ಕಣ್ಣು, ನಾಲಿಗೆಗೆ ಸಿಕ್ಕುವುದೆಲ್ಲ ಇವರಿಗೆ ಗೊತ್ತು. ಇಂದ್ರಿಯಕ್ಕೆ ಸಿಗದದ್ದು ಗೊತ್ತಿಲ್ಲ, ಅದು ನಿಜ: ನೀರು ನಿಂತ ಗದ್ದೆಯಿಂದ ಏಳುವ ಮೀಥೇನ್, ಬೆಳೆಗೆ ದಕ್ಕದೆ ಗಾಳಿಗೆ ಹೋಗುವ ಸಾರಜನಕ, ಕುಡಿಯುವ ಕೊಳವೆಬಾವಿಗೆ ಇಳಿಯುವ ನೈಟ್ರೇಟ್. ಅಂಥದ್ದನ್ನು ಹೇಳಲು ಸಭೆ ಬೇಕು. ಸವಳಿನ ವಿಷಯ ಹಾಗಲ್ಲ. ಇಲ್ಲಿನ ಎಷ್ಟೋ ಹೊಲ ಲೀಜಿನವು. ವರ್ಷಕ್ಕೆ ಎಕರೆಗಿಷ್ಟು ಚೀಲ ಎಂದು ಮಾತಾಗಿರುತ್ತದೆ. ಮುಂದಿನ ವರ್ಷ ಹೊಲ ಯಾರ ಕೈಯಲ್ಲೋ! ಅಂಥವನು ಜಿಪ್ಸಂ ತಂದು ಸುರಿದು, ಹಸಿರೆಲೆ ಗೊಬ್ಬರಕ್ಕೆಂದು ಡಯಾಂಚ ಬಿತ್ತಿ ಎರಡು ತಿಂಗಳು ಕಾಯುವುದಿಲ್ಲ. ಕೊಯ್ಲಿನ ಯಂತ್ರ ಉದುರಿಸಿಹೋದ ಹುಲ್ಲಿಗೂ ಕಡ್ಡಿ ಗೀರುತ್ತಾನೆ. ಮೇಯಲು ದನ ಉಳಿದಿಲ್ಲ, ಕಾಲುವೆಗೆ ನೀರು ಬಿಡುವ ದಿನ ಹತ್ತಿರದಲ್ಲಿದೆ.

ಬದಲಾವಣೆ ಬಂದಲ್ಲಿ ಅದು ಉಪದೇಶದಿಂದ ಬಂದದ್ದಲ್ಲ, ಖರ್ಚಿನಿಂದ. ಸಸಿಮಡಿ, ಕೆಸರುಗದ್ದೆ, ನಾಟಿ ಆಳು ಎಲ್ಲ ದುಬಾರಿಯಾಗಿ, ಕಾಲುವೆ ನೀರು ತಡವಾಗತೊಡಗಿದ ಮೇಲೆ ಕೂರಿಗೆಯಲ್ಲಿ ನೇರ ಬಿತ್ತುವವರು ಹೆಚ್ಚಿದರು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಅದಕ್ಕೆ ಬೆನ್ನು ತಟ್ಟಿತು. ಹೊಲದಲ್ಲಿ ನೀರು ನಿಲ್ಲುವ ದಿನಗಳು ಕಡಿಮೆಯಾದವು, ಕಳೆನಾಶಕ ಮಾತ್ರ ಜಾಸ್ತಿಯಾಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯುವುದು ಈ ಬೇಸಾಯದ ಅಭ್ಯಾಸ.

ಸವಳಿಗೆ ಮದ್ದಿಲ್ಲ ಎಂದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಇದೇ ಮಣ್ಣಿನೊಡನೆ ಹೆಣಗುತ್ತಿದ್ದಾರೆ. ಉಪ್ಪು ತಡೆಯುವ ಗಂಗಾವತಿ ಸೋನಾ ತಳಿ ಅಲ್ಲಿಯದು. ನೆಲದಡಿ ಆಳುದ್ದದ ಒಳಗೇ ಸಣ್ಣ ತೂತುಗಳ ಕೊಳವೆಗೆ ಬಟ್ಟೆ ಸುತ್ತಿ ಸಾಲಾಗಿ ಹೂಳಿದರೆ ಉಪ್ಪುನೀರು ಅದರೊಳಗೆ ಸೋರಿ ಹೊರಬೀಳುತ್ತದೆ. ಕೆಲವು ಹಂಗಾಮುಗಳಲ್ಲಿ ಬೆಳ್ಳಗಿದ್ದ ಮಡಿಗೆ ಮತ್ತೆ ಹಸಿರು ಹತ್ತುತ್ತದೆ. ಆದರೆ ಹೊರಬಿದ್ದ ನೀರು ಹೋಗಬೇಕಾದದ್ದು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಹೊಳೆಯ ಕೆಳಗಿನ ಊರಿನವರಿಗೆ ಇವರೇ ಮ್ಯಾಲಿನವರು.

ಸದ್ಯಕ್ಕೆ ಆ ಬಸಿಗಾಲುವೆಯಲ್ಲಿ ಆಪು ತಲೆಯೆತ್ತರ ಬೆಳೆದು ನೀರು ಹರಿಯುವುದೇ ನಿಂತಿದೆ. ಇಲಾಖೆಯ ದಾರಿ ಕಾಯದೆ ತಾವೇ ಜೆಸಿಬಿ ತರಿಸೋಣವೆಂದು ಏಳೆಂಟು ಜನ ಸೇರಿದ್ದಾರೆ. ತಾಸಿಗೆ ಬಾಡಿಗೆ ಎಷ್ಟು, ಎಕರೆಗೆ ಎಷ್ಟು ಬೀಳುತ್ತದೆ ಎಂಬುದು ತೀರ್ಮಾನವಾಗಿದೆ. ಲೀಜಿನವನು ‘ನನ್ನ ಪಾಲು ಹೊಲದ ಧಣಿ ಕೊಡಲಿ’ ಎನ್ನುತ್ತಾನೆ. ಧಣಿ ಹೈದರಾಬಾದಿನಲ್ಲಿದ್ದಾನೆ, ಫೋನು ಎತ್ತುತ್ತಿಲ್ಲ. ಮ್ಯಾಲಿನವರೂ ಕೊಡಬೇಕೋ ಬೇಡವೋ ಎಂಬ ಮಾತು ಎದ್ದಿದೆ. ಅವರ ಹೊಲದಲ್ಲಿ ಇನ್ನೂ ಸವಳು ಕಂಡಿಲ್ಲ.